ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಸಿಗುತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಮಹಾವ್ಯಾಧ (ಓರಾಯನ್) ನೀಹಾರಿಕೆಯ, ಅಂದರೆ ಆಕಾಶದಲ್ಲಿರುವ ಅನಿಲ, ದೂಳಿನ ಒಂದು ಮೋಡದ ಫೋಟೊ ಹಾಕಿದ್ದೆವು. ಮನೆ ಮಹಡಿಯಿಂದ ಪುಟ್ಟ ಟೆಲಿಸ್ಕೋಪಿನಲ್ಲಿ ತೆಗೆದದ್ದು. ಅದಾದ ಮೇಲೆ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ಧಾಟಿಯವು: ನಾವೂ ತೆಗೆಯಬಹುದಾ, ತೆಗೆದರೂ ಯಾಕೆ ಬರುತ್ತಿಲ್ಲ, ಇನ್ನೂ ಎಷ್ಟು ದುಡ್ಡು ಸುರಿಯಬೇಕು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಶನಿ, ಗುರು ಗ್ರಹಗಳ ಬಗ್ಗೆ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ತಿಂಗಳು ನಿಮ್ಮ ಸರದಿ.

ನನ್ನ ಹತ್ತಿರ 80 ಮಿ.ಮೀ. ಲೆನ್ಸಿನ, 400 ಮಿ.ಮೀ. ಫೋಕಲ್ ಲೆಂತ್‌ನ ಟೆಲಿಸ್ಕೋಪ್ ಇದೆ. ಆಕಾಶದ ಜೊತೆ ಟೆಲಿಸ್ಕೋಪನ್ನು ತಿರುಗಿಸುವ ಮೋಟಾರಿರುವ ಮೌಂಟ್ ಮತ್ತು ಹಳೆಯ ಡಿಎಸ್‌ಎಲ್‌ಆರ್ ಇವೆ. ರೋಸೆಟ್ ನೀಹಾರಿಕೆಯ ಕಡೆ ತಿರುಗಿಸಿದರೆ ಕಣ್ಣಿಗೆ ಏನೂ ಕಾಣಲ್ಲ. ಫೋಟೊ ತೆಗೆದರೂ ಬರೀ ನಕ್ಷತ್ರ. 8 ಇಂಚಿನ ಟೆಲಿಸ್ಕೋಪ್ ಕೊಂಡರೆ ಸರಿಹೋಗುತ್ತಾ ಸರ್? (ದಾವಣಗೆರೆ)

ಕೊಳ್ಳಬೇಡಿ. ಇರುವುದೇ ಈ ಕೆಲಸಕ್ಕೆ ಚೆನ್ನಾಗಿದೆ.

ರೋಸೆಟ್ ಚಿಕ್ಕದಲ್ಲ. ಆಕಾಶದಲ್ಲಿ ಅದರ ಅಗಲ ಒಂದು ಡಿಗ್ರಿಗೂ ಜಾಸ್ತಿ, ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟರೂ ಮುಚ್ಚುವುದಿಲ್ಲ. 2000 ಮಿ.ಮೀ. ಫೋಕಲ್ ಲೆಂತ್ ಇರುವ 8 ಇಂಚಿನ ಟೆಲಿಸ್ಕೋಪಿಗೆ ನಿಮ್ಮ ಕ್ಯಾಮೆರಾ ಹಾಕಿದರೆ ಅದರ ನಡುಭಾಗ ಮಾತ್ರ ಫ್ರೇಮಿಗೆ ಬರುತ್ತೆ, ಉಳಿದದ್ದೆಲ್ಲ ಹೊರಗೆ. ರೋಸೆಟ್ ಸಿಗದೇ ಇರುವುದು ಅದು ಮಸುಕಾಗಿರುವುದರಿಂದ. ಮಸುಕಾದ, ಹರಡಿಕೊಂಡ ವಸ್ತುವಿನ ವಿಷಯದಲ್ಲಿ ಒಂದೊಂದು ಪಿಕ್ಸೆಲ್ಲಿಗೆ ಎಷ್ಟು ಬೆಳಕು ಬೀಳುತ್ತೆ ಅನ್ನೋದನ್ನು ತೀರ್ಮಾನಿಸುವುದು ಎಫ್ ನಂಬರ್, ಅಂದರೆ ಫೋಕಲ್ ಲೆಂತನ್ನು (ಲೆನ್ಸಿನಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) ಲೆನ್ಸಿನ ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆ. ನಿಮ್ಮದು ಎಫ್/5. ಆ ದೊಡ್ಡದು ಎಫ್/10. ಅದೇ ಕ್ಯಾಮೆರಾ ಹಾಕಿದರೆ ದೊಡ್ಡದರಲ್ಲಿ ಪ್ರತಿ ಪಿಕ್ಸೆಲ್ಲಿಗೆ ಬೀಳುವ ನೀಹಾರಿಕೆಯ ಬೆಳಕು ನಿಮ್ಮದರಲ್ಲಿ ಬೀಳುವುದರ ನಾಲ್ಕನೇ ಒಂದು ಭಾಗ ಅಷ್ಟೇ. ದುಡ್ಡು ಕೊಟ್ಟು ಕಷ್ಟ ತಂದುಕೊಂಡ ಹಾಗಾಗುತ್ತೆ.

ಕಣ್ಣಿಗೆ ಕಾಣಲಿಲ್ಲ ಅಂತ ಚಿಂತೆ ಬೇಡ. ಕಣ್ಣು ಬೆಳಕನ್ನು ಕೂಡಿಡುವುದು ಸೆಕೆಂಡಿನ ಒಂದು ಚೂರು ಹೊತ್ತು ಮಾತ್ರ, ಕ್ಯಾಮೆರಾ ಗಂಟೆಗಟ್ಟಲೆ ಕೂಡಿಡುತ್ತೆ. ಮಹಾವ್ಯಾಧ ನೀಹಾರಿಕೆಯ ಮೊದಲ ಫೋಟೊ ತೆಗೆದದ್ದು ಅಮೆರಿಕದ ಹೆನ್ರಿ ಡ್ರೇಪರ್, 1880ರ ಸೆಪ್ಟೆಂಬರ್ 30ರಂದು, 11 ಇಂಚಿನ ಟೆಲಿಸ್ಕೋಪಿನಲ್ಲಿ. ಒಂದೇ ಪ್ಲೇಟಿಗೆ 51 ನಿಮಿಷ ಬೆಳಕು ಬಿಡಬೇಕಾಯಿತು. ಅದೂ ಬರಿಗಣ್ಣಿಗೇ ಕಾಣುವಷ್ಟು ಪ್ರಕಾಶದ ನೀಹಾರಿಕೆಗೆ! ಈಗ ಯಾರೂ ಒಂದೇ ಸಲಕ್ಕೆ ಅಷ್ಟು ಉದ್ದದ ಎಕ್ಸ್‌ಪೋಷರ್ ಕೊಡುವುದಿಲ್ಲ. ಒಂದೆರಡು ನಿಮಿಷದ ಫ್ರೇಮುಗಳನ್ನು ರಾಶಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುತ್ತಾರೆ. ಇದೇ ಸ್ಟ್ಯಾಕಿಂಗ್.

ನೀವು ತೆಗೆದ ಒಂದು ಫ್ರೇಮನ್ನೇ ಮತ್ತೆ ತೆರೆದು ನೋಡಿ. ಬೂದು ಕೆಂಪು ಬಣ್ಣದ ಹಿನ್ನೆಲೆ. ನಡುವೆ ಮೂರು ಮೂರರಂತೆ ಎರಡು ಸಾಲಿನಲ್ಲಿ ನಿಂತ ಆರು ನಕ್ಷತ್ರ, ಅದು ಎನ್‌ಜಿಸಿ 2244 ಅನ್ನುವ ಗುಚ್ಛ. ಅದು ಸಿಕ್ಕಿದೆ ಅಂದರೆ ರೋಸೆಟ್ ಕೂಡ ನಿಮ್ಮ ಫ್ರೇಮಿನಲ್ಲಿ ಕೂತಿದೆ, ಯಾಕೆಂದರೆ ಆ ಗುಚ್ಛ ಇರುವುದೇ ರೋಸೆಟ್‌ನ ನಡುವೆ. ಅದರ ಬೆಳಕು ಆಕಾಶದ ಹೊಳಪಿಗಿಂತ ಒಂದಿಷ್ಟೇ ಜಾಸ್ತಿ, ಹಾಗಾಗಿ ಫೋಟೊದ ಮೇಲೆ ಮರಳಿನಂತೆ ಕಾಣುವ ಕಾಳುಕಾಳು ಚುಕ್ಕೆಗಳಲ್ಲಿ, ಅಂದರೆ ನಾಯ್ಸ್‌ನಲ್ಲಿ ಮುಳುಗಿ ಹೋಗಿದೆ. ಫ್ರೇಮುಗಳನ್ನು ಕೂಡಿಸಿದಂತೆಲ್ಲ ನಾಯ್ಸ್‌ಗೆ ಹೋಲಿಸಿದರೆ ನೀಹಾರಿಕೆ ಮೇಲೆ ಬರುತ್ತೆ, ಆದರೆ ಈ ಲಾಭ ವರ್ಗಮೂಲದ ಲೆಕ್ಕದಲ್ಲಿ ಮಾತ್ರ ಏರುತ್ತೆ: 4 ಫ್ರೇಮಿಗೆ 2 ಪಟ್ಟು, 100 ಫ್ರೇಮಿಗೆ 10 ಪಟ್ಟು. ಒಂದು ಗಂಟೆಯ ಚಿತ್ರಕ್ಕಿಂತ ಎರಡು ಪಟ್ಟು ಚೆನ್ನಾಗಿ ಬರಬೇಕು ಅಂದರೆ ಎರಡಲ್ಲ, ನಾಲ್ಕು ಗಂಟೆ ಬೇಕು. ಒಂದೇ ರಾತ್ರಿ ಮುಗಿಸಬೇಕು ಅಂತೇನಿಲ್ಲ. ಇವತ್ತು ಒಂದಿಷ್ಟು, ಮುಂದಿನ ಅಮಾವಾಸ್ಯೆಗೆ ಒಂದಿಷ್ಟು ಸೇರಿಸಬಹುದು. ಮೊದಲು ಎರಡು ಗಂಟೆ ಗುರಿ ಇಟ್ಟುಕೊಳ್ಳಿ, ಕೆಂಪು ಉಂಗುರ ಕಾಣಿಸಿಕೊಂಡ ಮೇಲೆ ಆರಕ್ಕೆ ಏರಿಸಿ.

ಸ್ಟ್ಯಾಕ್ ಆದ ಚಿತ್ರವೂ ಮೊದಲು ಕಪ್ಪಗೇ ಕಾಣುತ್ತೆ, ಗಾಬರಿಯಾಗಬೇಡಿ. ಕರ್ವ್ ಎಳೆದು ಮಸುಕು ಭಾಗವನ್ನು ಮೇಲೆತ್ತಬೇಕು. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಅನ್ನುವ ಎರಡು ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ನಾನು ಸಿರಿಲ್ ಕಡೆಗೆ. ಕೂಡಿಸುವುದು, ಕರ್ವ್ ಎಳೆಯುವುದು ಎಲ್ಲ ಒಂದೇ ಕಡೆ ಆಗುತ್ತೆ.

ಇನ್ನೊಂದು ಮುಖ್ಯ ವಿಷಯ, ನಿಮ್ಮ ಕ್ಯಾಮೆರಾದ್ದು. ರೋಸೆಟ್‌ನ ಬೆಳಕಿನಲ್ಲಿ ದೊಡ್ಡ ಪಾಲು ಹೈಡ್ರೋಜನ್ ಆಲ್ಫಾ, 656.3 ನ್ಯಾನೊಮೀಟರಿನ ಕಡುಗೆಂಪು. ಮಾಮೂಲಿ ಡಿಎಸ್‌ಎಲ್‌ಆರ್‌ನ ಸೆನ್ಸರ್ ಮುಂದೆ ಇರುವ ಫಿಲ್ಟರ್, ಮನುಷ್ಯರ ಮೈಬಣ್ಣ ಸರಿಯಾಗಿ ಬರಲಿ ಅಂತ ಹಾಕಿರುವಂಥದ್ದು, ಈ ಕೆಂಪಿನ ಹೆಚ್ಚಿನ ಭಾಗವನ್ನು ತಡೆದುಬಿಡುತ್ತೆ. ಅದನ್ನು ತೆಗೆಸಿದರೆ ಒಂದೇ ಏಟಿಗೆ ಮೂರು ನಾಲ್ಕು ಪಟ್ಟು ಕೆಂಪು ಸಿಗುತ್ತೆ. ಆಮೇಲೆ ಹಗಲಿನ ಫೋಟೊಗಳೆಲ್ಲ ಕೆಂಪಗೆ ಬರುತ್ತವೆ, ಅದಕ್ಕೇ ಹಳೆಯ ಕ್ಯಾಮೆರಾವನ್ನೇ ಕೊಡಿ. ಈ ಕೆಲಸ ಗೊತ್ತಿರುವವರ ಕೈಗೇ ಕೊಡಿ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ನಿಮ್ಮ ಪಟ್ಟಿಯಲ್ಲಿ ಮೊದಲು ಇದು, ಎರಡನೆಯದು ಇನ್ನೂ ಗಟ್ಟಿಯಾದ ಮೌಂಟ್. ದೊಡ್ಡ ಟೆಲಿಸ್ಕೋಪ್ ಆ ಪಟ್ಟಿಯಲ್ಲೇ ಇಲ್ಲ.

ಐಎಸ್‌ಒ 6400ಕ್ಕೆ ಏರಿಸಿದರೆ ಬೇಗ ಬರುತ್ತಾ? (ಹಾಸನ)

ಇಲ್ಲ. ಐಎಸ್‌ಒ ಏರಿಸಿದರೆ ಬೆಳಕು ಜಾಸ್ತಿ ಬರಲ್ಲ, ಬಂದಷ್ಟನ್ನೇ ದೊಡ್ಡದು ಮಾಡಿ ತೋರಿಸುತ್ತೆ. ನಕ್ಷತ್ರಗಳ ಬಣ್ಣ ಸುಟ್ಟು ಬೆಳ್ಳಗಾಗುತ್ತೆ. 800 ಅಥವಾ 1600ರಲ್ಲಿ ಬಿಡಿ. ಹಿಸ್ಟೋಗ್ರಾಮಿನ (ಚಿತ್ರದಲ್ಲಿ ಕಪ್ಪು ಎಷ್ಟು, ಬಿಳುಪು ಎಷ್ಟು ಅಂತ ಕ್ಯಾಮೆರಾ ತೋರಿಸುವ ನಕ್ಷೆ) ಗುಡ್ಡ ಎಡಗಡೆಯ ಗೋಡೆಯಿಂದ ಬಿಟ್ಟು ನಿಂತಿದ್ದರೆ ಎಕ್ಸ್‌ಪೋಷರ್ ಸರಿಯಿದೆ ಅಂತ ಲೆಕ್ಕ.

ನಾವಿರುವುದು ಬೆಂಗಳೂರಿನ ನಡುಮಧ್ಯ. ರಸ್ತೆಯ ಎಲ್‌ಇಡಿ ದೀಪಗಳು ಬಂದ ಮೇಲೆ ಆಕಾಶ ಇನ್ನೂ ಬೆಳ್ಳಗಾಗಿದೆ. ಫಿಲ್ಟರ್ ಹಾಕಿದರೆ ಸಾಕಾ, ಅಥವಾ ಊರಾಚೆ ಹೋಗಲೇಬೇಕಾ? (ಬೆಂಗಳೂರು)

ಯಾವುದನ್ನು ತೆಗೆಯುತ್ತೀರಿ ಅನ್ನೋದರ ಮೇಲಿದೆ.

ಹಳೆಯ ಸೋಡಿಯಂ ದೀಪಗಳ ಬೆಳಕು ಹೆಚ್ಚಾಗಿ ಹಳದಿಯ ಒಂದು ಕಿರಿದಾದ ಪಟ್ಟಿಯಲ್ಲಿ ಇರುತ್ತಿತ್ತು. ಅದನ್ನಷ್ಟೇ ತಡೆಯುವ ಫಿಲ್ಟರ್ ಹಾಕಿದರೆ ಎಷ್ಟೋ ವಾಸಿಯಾಗುತ್ತಿತ್ತು. ಬಿಳಿ ಎಲ್‌ಇಡಿ ಹಾಗಲ್ಲ, ನೀಲಿಯಿಂದ ಕೆಂಪಿನವರೆಗೆ ಎಲ್ಲ ಬಣ್ಣದಲ್ಲೂ ಹರಡಿದೆ. ಅಂಗಡಿಯವರು 'ಲೈಟ್ ಪೊಲ್ಯೂಶನ್ ಫಿಲ್ಟರ್' ಅಂತ ಕೊಡುವ ಹಳೇ ಕಾಲದ್ದಕ್ಕೆ ಈಗ ದುಡ್ಡು ಹಾಕಬೇಡಿ.

ಆದರೆ ಹೊಳೆಯುವ ಅನಿಲದ ನೀಹಾರಿಕೆಗಳಿಗೆ ಬೇರೆ ದಾರಿ ಇದೆ. ಅವು ಎಲ್ಲ ಬಣ್ಣದಲ್ಲೂ ಹೊಳೆಯುವುದಿಲ್ಲ, ಬೆಳಕನ್ನು ಬಣ್ಣಗಳಾಗಿ ಒಡೆದು ನೋಡಿದರೆ ಹೆಚ್ಚಾಗಿ ಒಂದೆರಡು ಗೆರೆಯಲ್ಲಿ ಮಾತ್ರ. ಒಂದು, ಆಗಲೇ ಹೇಳಿದ ಹೈಡ್ರೋಜನ್ ಆಲ್ಫಾ. ಇನ್ನೊಂದು 500.7 ನ್ಯಾನೊಮೀಟರಿನ ಹಸಿರುನೀಲಿ ಗೆರೆ. ಇದರದ್ದೊಂದು ಸ್ವಾರಸ್ಯದ ಕತೆ ಇದೆ. 1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗ್ಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಒಡೆದು ನೋಡಿದಾಗ ಈ ಗೆರೆ ಸಿಕ್ಕಿತು. ಭೂಮಿಯ ಮೇಲೆ ಗೊತ್ತಿದ್ದ ಯಾವ ಧಾತುವಿಗೂ ಅದು ಹೊಂದಲಿಲ್ಲ. ಹೊಸ ಧಾತುವೇ ಇರಬೇಕು ಅಂದುಕೊಂಡು ಅದಕ್ಕೆ 'ನೆಬ್ಯೂಲಿಯಂ' ಅಂತ ಹೆಸರೂ ಬಂತು. 1927ರಲ್ಲಿ ಐರಾ ಬೊವೆನ್ ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್, ಬೇರೇನಲ್ಲ ಅಂತ ತೋರಿಸುವವರೆಗೂ ಆ ಹೆಸರು ಉಳಿದಿತ್ತು.

ಈ ಎರಡು ಗೆರೆಯನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ತಡೆಯುವುದೇ ಡ್ಯುಯಲ್‌ಬ್ಯಾಂಡ್ ಫಿಲ್ಟರ್. ಕಲ್ಯಾಣ ಮಂಟಪದ ಗದ್ದಲ ಅಡಗಿಸಿದರೆ ಮೂಲೆಯಲ್ಲಿ ಗುನುಗುವವರ ಹಾಡು ಕೇಳುತ್ತಲ್ಲ, ಹಾಗೆ. ಹಾಡೇನೂ ಜೋರಾಗಲ್ಲ. ಬಣ್ಣದ ಸೆನ್ಸರಿನಲ್ಲಿ ಕೆಂಪು ಪಿಕ್ಸೆಲ್ಲಿಗೆ ಹೈಡ್ರೋಜನ್, ಹಸಿರು ನೀಲಿ ಪಿಕ್ಸೆಲ್ಲಿಗೆ ಆಕ್ಸಿಜನ್ ಬೀಳುತ್ತೆ. ರೋಸೆಟ್, ಉತ್ತರ ಅಮೆರಿಕ ನೀಹಾರಿಕೆ, ವೇಲ್ ನೀಹಾರಿಕೆ ಇವನ್ನೆಲ್ಲ ಬೆಂಗಳೂರಿನ ಮಹಡಿಯಿಂದಲೇ, ಅರ್ಧ ಚಂದ್ರ ಇದ್ದಾಗಲೂ ತೆಗೆಯಬಹುದು.

ಆದರೆ ಕೃತ್ತಿಕೆಯ ಸುತ್ತಲಿನ ನೀಲಿ ಮಬ್ಬು? ಅದು ತಾನಾಗಿ ಹೊಳೆಯುವ ಅನಿಲವಲ್ಲ, ನಕ್ಷತ್ರದ ಬೆಳಕನ್ನು ಚೆದುರಿಸುವ ದೂಳು. ಫಿಲ್ಟರ್ ಹಾಕಿದರೆ ಆಕಾಶದ ಜೊತೆ ಅದನ್ನೂ ಕೊಂದ ಹಾಗೆ. ಆಂಡ್ರೊಮೆಡಾದಂಥ ಗೆಲಾಕ್ಸಿಗಳದ್ದೂ ಇದೇ ಪಾಡು. ಇಂಥವಕ್ಕೆ ಊರಾಚೆ ಹೋಗುವುದು ಬಿಟ್ಟು ದಾರಿಯಿಲ್ಲ. ಕತ್ತಲ ಆಕಾಶದಲ್ಲಿ ಫಿಲ್ಟರ್ ಇಲ್ಲದ ಒಂದು ಗಂಟೆ, ಪೇಟೆಯ ಎಷ್ಟೋ ರಾತ್ರಿಗಳಿಗೆ ಸಮ.

ಧ್ರುವ ನಕ್ಷತ್ರ ನೋಡಿ ಮೌಂಟ್ ಹೊಂದಿಸಿ ಅಂತಾರೆ. ನಮ್ಮ ಮಹಡಿಯಲ್ಲಿ ಆ ದಿಕ್ಕಿಗೆ ಪಕ್ಕದ ಮನೆಯ ನೀರಿನ ಟ್ಯಾಂಕ್ ಇದೆ! ಏನು ಮಾಡಲಿ? (ಮೈಸೂರು)

ಮೌಂಟಿನ ಅಕ್ಷ ಧ್ರುವದ ಕಡೆ ಮುಖ ಮಾಡಿದ್ದರೆ ಮಾತ್ರ ಅದು ಆಕಾಶದ ಜೊತೆ ಸರಿಯಾಗಿ ತಿರುಗುತ್ತೆ, ಅದಕ್ಕೇ ಹಾಗೆ ಹೇಳುವುದು. ಧ್ರುವ ನಕ್ಷತ್ರ ನಿಮ್ಮೂರಿನ ಅಕ್ಷಾಂಶದಷ್ಟೇ ಎತ್ತರದಲ್ಲಿ ಇರುತ್ತೆ. ಮೈಸೂರಿನಲ್ಲಿ ಸುಮಾರು 12 ಡಿಗ್ರಿ, ಬೀದರಿನಲ್ಲೂ 18ರ ಹತ್ತಿರ. ಟ್ಯಾಂಕ್ ಇಲ್ಲದಿದ್ದರೆ ತೆಂಗಿನ ಮರ, ಅದೂ ಇಲ್ಲದಿದ್ದರೆ ದಿಗಂತದ ಮಬ್ಬು. ನಿಮ್ಮೊಬ್ಬರ ಕಷ್ಟ ಅಲ್ಲ ಇದು.

ಎರಡು ದಾರಿ. ಲ್ಯಾಪ್‌ಟಾಪ್ ಇದ್ದರೆ ನೀನಾ ಅನ್ನುವ ಪುಕ್ಕಟೆ ತಂತ್ರಾಂಶದಲ್ಲಿ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಅನ್ನುವ ಪ್ಲಗಿನ್ ಹಾಕಿಕೊಳ್ಳಿ. ಆಕಾಶದ ಯಾವ ಭಾಗ ಕಾಣುತ್ತೋ ಅಲ್ಲೇ ಮೂರು ಫೋಟೊ ತೆಗೆದು, ಮೌಂಟ್ ಎಷ್ಟು ಓರೆಯಾಗಿದೆ ಅಂತ ಹೇಳುತ್ತೆ, ನೀವು ತಿರುಪು ತಿರುಗಿಸುತ್ತಾ ಹೋದರೆ ಆಯಿತು. ಲ್ಯಾಪ್‌ಟಾಪ್ ಇಲ್ಲದಿದ್ದರೆ ಹಳೆಯ ಡ್ರಿಫ್ಟ್ ವಿಧಾನ: ನೆತ್ತಿಯ ಹತ್ತಿರ, ಸ್ವಲ್ಪ ದಕ್ಷಿಣಕ್ಕೆ ಇರುವ ಒಂದು ನಕ್ಷತ್ರ ಉತ್ತರಕ್ಕೋ ದಕ್ಷಿಣಕ್ಕೋ ಜಾರುತ್ತಿದ್ದರೆ ಮೌಂಟನ್ನು ಎಡಬಲಕ್ಕೆ ತಿದ್ದಿ. ಪೂರ್ವದಲ್ಲಿ ಕೆಳಗಿರುವ ನಕ್ಷತ್ರ ಹಾಗೆ ಜಾರಿದರೆ ಮೇಲೆ ಕೆಳಗೆ ತಿದ್ದಿ. ತಾಳ್ಮೆ ಬೇಕು, ಒಮ್ಮೆ ಸರಿಯಾದ ಮೇಲೆ ಟ್ರೈಪಾಡ್ ಕಾಲಿನ ಜಾಗಕ್ಕೆ ಪೇಂಟಿನಲ್ಲಿ ಗುರುತು ಹಾಕಿಟ್ಟರೆ ಮುಂದಿನ ಸಲ ಅರ್ಧ ಕೆಲಸ ಕಮ್ಮಿ.

ಮೌಂಟ್ ಇನ್ನೂ ಕೊಂಡಿಲ್ಲದವರಿಗೆ ಒಂದು ಮಾತು. ಅದು 12 ಡಿಗ್ರಿಯವರೆಗೂ ಬಾಗುತ್ತಾ ಅಂತ ಕೇಳಿಯೇ ಕೊಳ್ಳಿ. ಚಳಿದೇಶದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಕೆಲವು ಬಾಗುವುದಿಲ್ಲ. ಬಾಗಿದರೂ ತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯಬಹುದು, ಆಗ ಮಧ್ಯೆ ಒಂದು ಗಿಡ್ಡ ಕಂಬ ಹಾಕಿ ಎತ್ತರಿಸಬೇಕು.

ನಮ್ಮ ಶಾಲೆಗೆ ಸೀಸ್ಟಾರ್ ಎಸ್50 ಅನ್ನುವ, ತಾನೇ ಹುಡುಕಿ ಫೋಟೊ ತೆಗೆಯುವ ಪುಟ್ಟ ಟೆಲಿಸ್ಕೋಪ್ ಕೊಟ್ಟಿದ್ದಾರೆ. ಮಹಾವ್ಯಾಧ ನೀಹಾರಿಕೆ ನೆತ್ತಿಗೆ ಬಂದಾಗ ಚೆನ್ನಾಗಿ ಬರುತ್ತೆ ಅಂತ ಕಾದು ತೆಗೆದರೆ ಅಂಚಿನ ನಕ್ಷತ್ರಗಳೆಲ್ಲ ಎಳೆದ ಹಾಗಿವೆ, ಎಷ್ಟೋ ಫ್ರೇಮುಗಳನ್ನು ಅದೇ ಬಿಸಾಕುತ್ತೆ. ಯಂತ್ರ ಕೆಟ್ಟಿದೆಯಾ? (ಕಲಬುರಗಿ ಜಿಲ್ಲೆಯ ಶಿಕ್ಷಕಿ)

ಕೆಟ್ಟಿಲ್ಲ ಮೇಡಂ. ನೀವು ಕಾದ ಹೊತ್ತೇ ತಪ್ಪು, ಅದರಲ್ಲಿ ನಿಮ್ಮ ತಪ್ಪಿಲ್ಲ. ಪುಸ್ತಕಗಳೆಲ್ಲ ಹಾಗೇ ಹೇಳುತ್ತವೆ, ಬರೆದವರು ಹೆಚ್ಚಾಗಿ ಉತ್ತರದ ದೇಶಗಳವರು.

ಈ ಪುಟ್ಟ ಯಂತ್ರವನ್ನು ನೆಟ್ಟಗೆ ನಿಲ್ಲಿಸಿದರೆ ಎಡಬಲ, ಮೇಲೆ ಕೆಳಗೆ ಮಾತ್ರ ತಿರುಗುತ್ತೆ. ನೀಹಾರಿಕೆ ಫ್ರೇಮಿನ ನಡುವೆಯೇ ಇರುತ್ತೆ, ಆದರೆ ಅದರ ಸುತ್ತಲಿನ ಆಕಾಶ ಫ್ರೇಮಿನೊಳಗೇ ಮೆಲ್ಲಗೆ ತಿರುಗುತ್ತಾ ಹೋಗುತ್ತೆ. ವಸ್ತು ಉತ್ತರ ದಕ್ಷಿಣ ರೇಖೆ ದಾಟುವಾಗ, ಅದರಲ್ಲೂ ನೆತ್ತಿಗೆ ಹತ್ತಿರವಾಗಿ ದಾಟುವಾಗ, ಈ ತಿರುಗು ಬಹಳ ಜಾಸ್ತಿ. ನಮ್ಮ ಕರ್ನಾಟಕದಲ್ಲಿ ಮಹಾವ್ಯಾಧ ನೆತ್ತಿಯ ಹತ್ತಿರವೇ ಹಾದು ಹೋಗುತ್ತಾನೆ. ಬೆಂಗಳೂರಿನ ಅಕ್ಷಾಂಶಕ್ಕೆ ಲೆಕ್ಕ ಹಾಕಿದರೆ ಆಗ ತಿರುಗುವ ವೇಗ ಗಂಟೆಗೆ ಸುಮಾರು 47 ಡಿಗ್ರಿ. ಅದೇ ನೀಹಾರಿಕೆ ಪೂರ್ವದಲ್ಲಿ 40 ಡಿಗ್ರಿ ಎತ್ತರದಲ್ಲಿ ಇರುವಾಗ? ಗಂಟೆಗೆ ಬರೀ 6 ಡಿಗ್ರಿ! ನಿಮ್ಮೂರಿಗೂ ಅಂಕಿ ಸ್ವಲ್ಪ ಬದಲಾಗುತ್ತೆ, ಕತೆ ಇದೇ.

ಹಾಗಾಗಿ ಮಹಾವ್ಯಾಧನನ್ನು ಪೂರ್ವದಲ್ಲಿ 30ರಿಂದ 55 ಡಿಗ್ರಿ ಏರಿದಾಗ ತೆಗೆಯಿರಿ, ನೆತ್ತಿಗೆ ಬಂದಾಗ ಮಕ್ಕಳಿಗೆ ಚಹಾ ಬಿಸ್ಕತ್ತು ಕೊಡಿ, ಪಶ್ಚಿಮಕ್ಕೆ ಇಳಿದ ಮೇಲೆ ಮತ್ತೆ ಶುರು ಮಾಡಿ. ಎಕ್ಸ್‌ಪೋಷರ್ 10 ಸೆಕೆಂಡಿಗೇ ಇಟ್ಟುಕೊಳ್ಳಿ. ಒಳಗೆ ಡ್ಯುಯಲ್‌ಬ್ಯಾಂಡ್ ಫಿಲ್ಟರ್ ಇದೆ, ಆನ್ ಮಾಡಿಕೊಳ್ಳಿ. ಅದರ ಲೆನ್ಸ್ 50 ಮಿ.ಮೀ. ಅಷ್ಟೇ. ಆದರೂ ಮಕ್ಕಳ ಕೈಗೆ ಇದಕ್ಕಿಂತ ಒಳ್ಳೆಯದು ನನಗೆ ಹೊಳೆಯುತ್ತಿಲ್ಲ.

130 ಮಿ.ಮೀ.ನ ಕನ್ನಡಿ ಟೆಲಿಸ್ಕೋಪಿಗೆ ಡಿಎಸ್‌ಎಲ್‌ಆರ್ ಹಾಕಿದರೆ ಫೋಕಸ್ಸೇ ಆಗಲ್ಲ. ಕಣ್ಣಿಟ್ಟು ನೋಡಿದರೆ ಸರಿ ಇದೆ. (ಹುಬ್ಬಳ್ಳಿ)

ಫೋಕಸ್ ಬಿಂದು ಕೊಳವೆಯ ಒಳಗೇ ಉಳಿದಿದೆ, ಕ್ಯಾಮೆರಾದ ಸೆನ್ಸರ್ ಅಲ್ಲಿಗೆ ತಲುಪುತ್ತಿಲ್ಲ. ಬಾರ್ಲೊ (ಫೋಕಲ್ ಲೆಂತನ್ನು ಎರಡು ಪಟ್ಟು ಮಾಡುವ ಲೆನ್ಸ್) ಹಾಕಿದರೆ ಫೋಕಸ್ ಆಗುತ್ತೆ, ಆದರೆ ಎಫ್ ನಂಬರ್ ಎರಡು ಪಟ್ಟಾಗಿ ಮಸುಕು ನೀಹಾರಿಕೆ ಕೈತಪ್ಪುತ್ತೆ. ಹಿಂದಿನ ಕನ್ನಡಿಯನ್ನು ಉದ್ದ ತಿರುಪು ಹಾಕಿ ಮುಂದಕ್ಕೆ ತಳ್ಳುವವರಿದ್ದಾರೆ. ಕೈಚಳಕ ಇದ್ದರೆ ಮಾಡಿ. ಇಲ್ಲದಿದ್ದರೆ ಅದನ್ನು ಚಂದ್ರನಿಗೆ ಇಟ್ಟುಕೊಂಡು, ಕ್ಯಾಮೆರಾದ 200 ಮಿ.ಮೀ. ಲೆನ್ಸಿನಲ್ಲೇ ನೀಹಾರಿಕೆ ತೆಗೆಯಿರಿ. ಬೇಜಾರಿನ ಸಲಹೆ ಅಲ್ಲ ಇದು, ಕ್ಯಾಲಿಫೋರ್ನಿಯಾ ನೀಹಾರಿಕೆಗೆ ಅಂಥ ಲೆನ್ಸೇ ವಾಸಿ.

ಮಳೆಗಾಲ ಬಿಟ್ಟರೆ ಯಾವ ತಿಂಗಳು ಯಾವುದು? (ಶಿರಸಿ)

ಮಳೆ ನಿಂತ ತಕ್ಷಣ, ಅಕ್ಟೋಬರ್ ನವೆಂಬರಿನಲ್ಲಿ, ಕತ್ತಲಾಗುತ್ತಿದ್ದಂತೆ ರಾಜಹಂಸ ಪುಂಜ ಇನ್ನೂ ಮೇಲೇ ಇರುತ್ತೆ. ಉತ್ತರ ಅಮೆರಿಕ ನೀಹಾರಿಕೆ, ವೇಲ್ ಮುಗಿಸಿಕೊಳ್ಳಿ. ನವೆಂಬರಿನಿಂದ ಫೆಬ್ರುವರಿ ಮಹಾವ್ಯಾಧನ ಕಾಲ: ರೋಸೆಟ್, ಕುದುರೆ ತಲೆ, ಕ್ಯಾಲಿಫೋರ್ನಿಯಾ. ನಮಗೆ ಒಣ ಆಕಾಶ ಸಿಗುವುದೂ ಆಗಲೇ.

ಧನು ರಾಶಿಯ ಲಗೂನ್, ಟ್ರಿಫಿಡ್ ನಡುರಾತ್ರಿ ಎತ್ತರಕ್ಕೆ ಬರುವುದು ಜೂನ್ ಕೊನೆಗೆ, ಆಗ ನಿಮ್ಮ ಶಿರಸಿಯಲ್ಲಿ ಆಕಾಶ ಎಲ್ಲಿದೆ ಅಂತ ಹುಡುಕಬೇಕು. ಹಾಗಾಗಿ ಮಾರ್ಚಿನಿಂದ ಮೇವರೆಗೆ, ಬೆಳಗಿನ ಜಾವ ಎದ್ದು ತೆಗೆಯುವುದೊಂದೇ ದಾರಿ. ಏಪ್ರಿಲ್ ನಡುವೆ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ದಕ್ಷಿಣ ದಿಗಂತ ತೆರೆದಿದ್ದರೆ ಕರೀನಾ ನೀಹಾರಿಕೆಯನ್ನು ಮರೆಯಬೇಡಿ. ಬೆಂಗಳೂರಿನಿಂದ ಅದು 17 ಡಿಗ್ರಿ ಎತ್ತರಕ್ಕೆ ಬರುತ್ತೆ. ಲಂಡನ್ನಿನವರಿಗೆ ಅದು ಯಾವತ್ತೂ ಹುಟ್ಟುವುದೇ ಇಲ್ಲ.

ಚಳಿಗಾಲದ ಇಬ್ಬನಿಗೆ ಲೆನ್ಸಿನ ಸುತ್ತ ಹೀಟರ್ ಪಟ್ಟಿ ಕಟ್ಟಿ. ಬಟ್ಟೆಯಲ್ಲಿ ಒರೆಸಬೇಡಿ, ಕೋಟಿಂಗ್ ಗೀಚುತ್ತೆ, ಒರೆಸಿದ ಐದು ನಿಮಿಷಕ್ಕೆ ಮತ್ತೆ ಕೂರುತ್ತೆ.

ಮೆಲ್ಬರ್ನಿಗೆ ಬಂದು ನೆಲೆಸಿದ್ದೇವೆ. ಇಲ್ಲಿ ಧ್ರುವ ನಕ್ಷತ್ರವೇ ಇಲ್ಲವಲ್ಲ? (ಮೆಲ್ಬರ್ನ್, ಆಸ್ಟ್ರೇಲಿಯ)

ಇಲ್ಲ. ದಕ್ಷಿಣ ಧ್ರುವದ ಹತ್ತಿರ ಸಿಗ್ಮಾ ಆಕ್ಟಾಂಟಿಸ್ ಅಂತ ಒಂದು ಬಡಪಾಯಿ ನಕ್ಷತ್ರ ಇದೆ, ಪೇಟೆಯಲ್ಲಿ ಕಣ್ಣಿಗೆ ಕಾಣಲ್ಲ. ಮೈಸೂರಿನವರಿಗೆ ಹೇಳಿದ ವಿಧಾನವೇ ನಿಮಗೂ. ಆದರೆ ನಾವಿಲ್ಲಿ ಗೋಣು ಬಗ್ಗಿಸಿ ಹುಡುಕುವ ಕರೀನಾ ನಿಮಗೆ ಮುಳುಗುವುದೇ ಇಲ್ಲ, ಜೊತೆಗೆ ದೊಡ್ಡ ಮೆಗೆಲ್ಲಾನಿಕ್ ಮೋಡದಲ್ಲಿರುವ ಟರಾಂಟುಲಾ ನೀಹಾರಿಕೆಯೂ ಇದೆ. ಹೊಟ್ಟೆಕಿಚ್ಚಾಗುತ್ತೆ ಸ್ವಾಮಿ.

ಈ ಬಣ್ಣಗಳೆಲ್ಲ ಸುಳ್ಳು ಅಲ್ವಾ? ಕಂಪ್ಯೂಟರಿನಲ್ಲಿ ಬಳಿದದ್ದು ಅಂತ ನಮ್ಮ ಮನೆಯಲ್ಲಿ ವಾದ. (ಧಾರವಾಡ)

ಅರ್ಧ ವಾದ ನಿಮ್ಮ ಮನೆಯವರದ್ದೇ ಗೆಲ್ಲುತ್ತೆ. ಹೈಡ್ರೋಜನ್ನಿನ ಕೆಂಪು ನಿಜವಾಗಿ ಕೆಂಪೇ. ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಅಷ್ಟೇ. ಆದರೆ 1995ರಲ್ಲಿ ಹಬಲ್ ತೆಗೆದ 'ಸೃಷ್ಟಿಯ ಕಂಬಗಳು' ಚಿತ್ರ ನೋಡಿರುತ್ತೀರಿ. ಅದರಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಕ್ಸಿಜನ್ನಿಗೆ ನೀಲಿ ಅಂತ ಹಂಚಿದ್ದಾರೆ. ಗಂಧಕ, ಹೈಡ್ರೋಜನ್ ಎರಡೂ ಕೆಂಪೇ ಆಗಿರುವುದರಿಂದ ಹಾಗೆ ಹಂಚದಿದ್ದರೆ ಯಾವುದು ಎಲ್ಲಿದೆ ಅಂತ ತಿಳಿಯಲ್ಲ. ಇದು ನಕ್ಷೆಗೆ ಬಣ್ಣ ಹಾಕಿದ ಹಾಗೆ ಲೆಕ್ಕವಿಟ್ಟು ಮಾಡಿದ್ದು, ಮೋಸವಲ್ಲ, ಚಿತ್ರದ ಕೆಳಗೆ ಒಂದು ಸಾಲು ಬರೆದರೆ ಸಾಕು.

ನನಗೆ ತಕರಾರಿರುವುದು ಬೇರೆಯದರ ಮೇಲೆ. ಇಲ್ಲದ ಎಳೆಗಳನ್ನು ಊಹಿಸಿ ಬರೆಯುವ ಎಐ ಆ್ಯಪ್‌ಗಳು ಬಂದಿವೆಯಲ್ಲ, ಅದರಲ್ಲಿ ಹಾಯಿಸಿದ ಚಿತ್ರಗಳನ್ನು ದಯವಿಟ್ಟು ಈ ಪತ್ರಿಕೆಗೆ ಕಳಿಸಬೇಡಿ.

ದೊಡ್ಡ ದೊಡ್ಡ ವೀಕ್ಷಣಾಲಯಗಳು ಎಲ್ಲ ತೆಗೆದಾಗಿದೆ. ನಾವು ಸುಮ್ನೆ ಯಾಕೆ ನಿದ್ದೆ ಕೆಡಿಸಿಕೊಳ್ಳಬೇಕು? (ತುಮಕೂರು)

ಎಲ್ಲ ತೆಗೆದಾಗಿಲ್ಲ. ಆಕಾಶದಲ್ಲಿ ಆಂಡ್ರೊಮೆಡಾ ಗೆಲಾಕ್ಸಿಗಿಂತ ಹೆಚ್ಚು ಫೋಟೊ ತೆಗೆಸಿಕೊಂಡ ಗೆಲಾಕ್ಸಿ ಇರಲಾರದು. ಹಾಗಿದ್ದೂ ಅದರ ಪಕ್ಕದಲ್ಲೇ ಆಕ್ಸಿಜನ್ ಗೆರೆಯಲ್ಲಿ ಹೊಳೆಯುವ, ಉದ್ದನೆಯ ನೀಲಿ ಕಮಾನೊಂದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2022ರಲ್ಲಿ ಅದನ್ನು ಹಿಡಿದವರು ಹವ್ಯಾಸಿಗಳು: ಫ್ರಾನ್ಸಿನ ಯಾನ್ ಸಾಂಟಿ, ಗ್ಸಾವಿಯೆ ಸ್ಟ್ರಾಟ್ನರ್ ಮತ್ತು ಜರ್ಮನಿಯ ಮಾರ್ಸೆಲ್ ಡ್ರೆಕ್ಸ್ಲರ್. ಟೆಲಿಸ್ಕೋಪಿನ ಲೆನ್ಸ್ 106 ಮಿ.ಮೀ. ಒಟ್ಟು ಎಕ್ಸ್‌ಪೋಷರ್ 100 ಗಂಟೆಗೂ ಮೀರಿ. ಆ ಚಿತ್ರಕ್ಕೆ 2023ರಲ್ಲಿ ಗ್ರೀನಿಚ್ ರಾಯಲ್ ವೀಕ್ಷಣಾಲಯದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು, ಸಂಶೋಧನಾ ಪತ್ರಿಕೆಯಲ್ಲೂ ಪ್ರಕಟವಾಯಿತು.

ದೊಡ್ಡ ಟೆಲಿಸ್ಕೋಪುಗಳು ಆಕಾಶದ ಒಂದು ಚೂರನ್ನು ಮಾತ್ರ ನೋಡುತ್ತವೆ, ಅವುಗಳ ಒಂದೊಂದು ಗಂಟೆಗೂ ವಿಜ್ಞಾನಿಗಳ ಸಾಲು ಇರುತ್ತೆ. ಲಡಾಖಿನ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ, ಅಲ್ಲೂ ಇದೇ ಕತೆ. ಒಂದೇ ಜಾಗವನ್ನು 100 ಗಂಟೆ ನೋಡುತ್ತಾ ಕೂರಲು ಅವರಿಗೆ ಯಾರು ಬಿಡುತ್ತಾರೆ? ನಿಮ್ಮ ಮಹಡಿಯಲ್ಲಿ ನಿಮ್ಮನ್ನು ಕೇಳುವವರಿಲ್ಲ.

ರಾತ್ರಿ ಹೊತ್ತು ಮಹಡಿ ಮೇಲೆ ದುರ್ಬೀನು ಇಟ್ಟರೆ ಎದುರು ಮನೆಯವರು ಅನುಮಾನದಿಂದ ನೋಡುತ್ತಾರೆ. (ಹೆಸರು, ಊರು ಬೇಡ ಅಂದಿದ್ದಾರೆ)

ಅಷ್ಟಮಿಯ ಆಸುಪಾಸು ಒಂದು ಸಂಜೆ ಅವರನ್ನೇ ಕರೆದು ಚಂದ್ರನ ಕುಳಿಗಳನ್ನು ತೋರಿಸಿ. ನೀಹಾರಿಕೆ ತೋರಿಸಲು ಹೋಗಬೇಡಿ, ಏನೂ ಕಾಣದೆ ಅನುಮಾನ ಇನ್ನೂ ಜಾಸ್ತಿಯಾಗುತ್ತೆ. ಹೋಗುವಾಗ ಅವರ ಪೋರ್ಟಿಕೊ ದೀಪ ಹತ್ತು ಗಂಟೆಯ ಮೇಲೆ ಆರಿಸಲು ಆಗುತ್ತಾ ಅಂತ ಮೆಲ್ಲಗೆ ಕೇಳಿನೋಡಿ.